ಬಿ.ಎಚ್. ರಸ್ತೆಗೆ ಸೈಕಲ್ ಪಥವೋ, ಒಳರಸ್ತೆಗಳಿಗೆ ಕೊಂಡಿಯೋ?

ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಒಂದು ದಾರಿ ಬೇಕು ಅಂತ ತುಮಕೂರಿನ ನಮ್ಮ ಬಡಾವಣೆಯಲ್ಲಿ ಮಾತು ಬಂದಾಗಲೆಲ್ಲ ಎರಡು ಗುಂಪಾಗುತ್ತದೆ. ಒಂದು ಗುಂಪಿಗೆ ಊರಿನ ಮುಖ್ಯರಸ್ತೆಯಾದ ಬಿ.ಎಚ್. ರಸ್ತೆಯಲ್ಲೇ ಸೈಕಲ್ ಪಥ ಬೇಕು. ಇನ್ನೊಂದು ಗುಂಪು, ಅದೆಲ್ಲ ಆಗೋ ಮಾತಲ್ಲ, ಒಳಗಿನ ಕ್ರಾಸ್‌ಗಳನ್ನು ಒಂದಕ್ಕೊಂದು ಸೇರಿಸಿಕೊಡಿ ಸಾಕು ಅನ್ನುತ್ತದೆ. ಬಟವಾಡಿ ಕಡೆಯಿಂದ ಅಮಾನಿಕೆರೆಗೆ ನಾನು ಎರಡೂ ದಾರಿಯಲ್ಲಿ ನಡೆದಿದ್ದೇನೆ, ಗೇರ್ ಇಲ್ಲದ ಸೈಕಲ್ಲಿನಲ್ಲೂ ಹೋಗಿದ್ದೇನೆ.

ಬಿ.ಎಚ್. ರಸ್ತೆ ನೇರ. ದಾರಿ ಕೇಳೋದೇ ಬೇಡ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ, ಟೌನ್‌ಹಾಲ್ ಎಲ್ಲ ಇದರ ಮೇಲೇ ಇವೆ. ಆದರೆ ಫುಟ್‌ಪಾತ್ ತುಂಡು ತುಂಡು. ಹತ್ತು ಹೆಜ್ಜೆ ಆರಾಮ, ಆಮೇಲೆ ಅಂಗಡಿಯವರು ಬೈಕ್ ಹತ್ತಿಸಲು ಹಾಕಿಕೊಂಡ ಸಿಮೆಂಟ್ ಇಳಿಜಾರು, ಅದು ದಾಟಿದರೆ ಕರೆಂಟ್ ಕಂಬ, ಮತ್ತೆ ರಸ್ತೆಗೆ ಇಳಿಯಬೇಕು. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಅಡ್ಡಿಯಿಲ್ಲದೆ ಸಿಗಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಮಂಡಿ ನೋವಿರುವವರಿಗೆ ಈ ಎರಡನೇ ಅಳತೆಯ ಬೆಲೆ ಗೊತ್ತು.

ಸೈಕಲ್ಲಿಗೆ ಇಲ್ಲಿ ತೊಂದರೆ ಬಸ್ಸಿನದು. ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬಂದು, ನಿಮ್ಮನ್ನು ದಾಟಿ, ಸೀದಾ ಎಡಕ್ಕೆ ಎಳೆದು ನಿಲ್ಲಿಸುತ್ತಾರೆ. ಹೊಗೆ ಕುಡಿಯುತ್ತಾ ಹಿಂದೆ ನಿಲ್ಲಬೇಕು, ಇಲ್ಲ ಬಲಕ್ಕೆ ಹೊರಳಿ ಕಾರುಗಳ ಬಾಯಿಗೆ ಬೀಳಬೇಕು. ಇದಕ್ಕೆ ರಸ್ತೆ ಪಕ್ಕ ಬಣ್ಣದ ಪಟ್ಟಿ ಬಳಿದರೆ ಏನೂ ಆಗೋದಿಲ್ಲ. ಮಾರನೇ ದಿನವೇ ಅಲ್ಲಿ ಬೈಕುಗಳು ನಿಂತಿರುತ್ತವೆ. ಪಥ ಬಸ್ ನಿಲ್ದಾಣದ ಹಿಂದಿನಿಂದ ಹಾದು ಹೋಗಬೇಕು. ಅಂದರೆ ಕಂಬ, ಚರಂಡಿ ಎಲ್ಲ ಸರಿಸಬೇಕು. ಬೆಸ್ಕಾಂ, ಪಾಲಿಕೆ, ಟ್ರಾಫಿಕ್ ಪೊಲೀಸರು ಒಟ್ಟಿಗೆ ಕೂರಬೇಕು. ಬೇಡ ಅಂತಲ್ಲ, ಆದರೆ ಕಾಯಬೇಕಾಗುತ್ತದೆ.

ಒಳದಾರಿಯಲ್ಲಿ ನೆರಳಿದೆ. ಬಾಗಿಲ ಮುಂದೆ ರಂಗೋಲಿ, ಹೊಂಗೆ ಮರ, ಎಳನೀರಿನ ಗಾಡಿ. ಮಗುವನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋದರೂ ಭಯ ಇಲ್ಲ. ಆದರೆ ಮೂರು ಕ್ರಾಸ್ ಆದ ಮೇಲೆ ದಾರಿ ಮುಗಿಯುತ್ತದೆ. ಎದುರಿಗೆ ರಾಜಕಾಲುವೆ. ಆಚೆ ದಂಡೆಯಲ್ಲಿ ಮುಂದಿನ ಬಡಾವಣೆಯ ರಸ್ತೆ ಕಣ್ಣಿಗೇ ಕಾಣುತ್ತದೆ. ನಡುವೆ ಯಾರೋ ಮುರಿದ ಕರೆಂಟ್ ಕಂಬ ಎರಡನ್ನು ಅಡ್ಡ ಮಲಗಿಸಿದ್ದಾರೆ. ಎರಡು ಕಂಬದ ನಡುವೆ ಸೈಕಲ್ ಚಕ್ರ ಸರಿಯಾಗಿ ಸಿಕ್ಕಿಹಾಕಿಕೊಳ್ಳುವಷ್ಟು ಸಂದು. ಹುಡುಗರು ಬ್ಯಾಗು ಹಾಕಿಕೊಂಡೇ ಓಡುತ್ತಾರೆ. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿ ಮಾತ್ರ ಒಂದು ಕ್ಷಣ ನಿಂತು, ಸೆರಗು ಸಿಗಿಸಿ, ಅಡ್ಡಡ್ಡ ಹೆಜ್ಜೆ ಇಡುತ್ತಾರೆ. ನಾನು ಸೈಕಲ್ ಹೆಗಲಿಗೇರಿಸಿ ದಾಟುತ್ತೇನೆ. ಮಳೆ ಬಂದ ಮರುದಿನ ಅದೂ ಸಾಧ್ಯವಿಲ್ಲ, ಸುತ್ತಿಕೊಂಡು ಮತ್ತೆ ಬಿ.ಎಚ್. ರಸ್ತೆಗೇ ಬರಬೇಕು.

ಇಷ್ಟು ಸಣ್ಣ ಕೊಂಡಿ ಇಲ್ಲದ್ದಕ್ಕೆ ಜನ ಕೆರೆ ಹತ್ತಿರ ವಾಕಿಂಗ್ ಮಾಡಲು ಸ್ಕೂಟರ್ ಹತ್ತಿ ಹೋಗುತ್ತಾರೆ. ತಮಾಷೆ ಅಲ್ವಾ?

ಆದರೂ ಕೊಂಡಿ ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ಕೊನೇ ಮನೆಯವರಿಗೆ ಈಗಿರುವ ನೆಮ್ಮದಿ ಹೋಗುತ್ತದೆ. ಕಿರುಸೇತುವೆ ಆದರೆ ಬೈಕಿನವರೆಲ್ಲ ಇಲ್ಲೇ ನುಗ್ಗುತ್ತಾರೆ ಅಂತಾರೆ. ನಿಜ. ಗೂಟ ನೆಟ್ಟರೆ ಕಾರು ನಿಲ್ಲುತ್ತದೆ, ಸ್ಕೂಟರ್ ನಿಲ್ಲೋದಿಲ್ಲ. ಗಾಲಿಕುರ್ಚಿ ಹೋಗಲು ಗೂಟಗಳ ನಡುವೆ 1.2 ಮೀಟರ್ ಬಿಡಬೇಕು, ಅಷ್ಟರಲ್ಲಿ ಬುಲೆಟ್ ಬೈಕ್ ಕೂಡ ಸಲೀಸಾಗಿ ತೂರುತ್ತದೆ. ಅಡ್ಡಾದಿಡ್ಡಿ ಕಂಬಿ ಹಾಕಿದರೆ ಗಾಲಿಕುರ್ಚಿಯೂ ನಿಲ್ಲುತ್ತದೆ. ನನ್ನ ಪ್ರಕಾರ ಗಾಲಿಕುರ್ಚಿಗೆ ಬಿಡಬೇಕು. ಸ್ಕೂಟರಿಗೆ ಸೇತುವೆಯ ಎರಡೂ ತುದಿಯಲ್ಲಿ ಹಂಪ್ ಹಾಕಿ, ಬೋರ್ಡ್ ನೆಟ್ಟು, ಉಳಿದದ್ದು ಬೀದಿಯವರ ಬೈಗುಳಕ್ಕೆ ಬಿಡೋದು.

ಕತ್ತಲಾದ ಮೇಲೆ ಲೆಕ್ಕ ತಿರುಗುತ್ತದೆ. ಒಳದಾರಿಯಲ್ಲಿ ದೀಪ ಕಡಿಮೆ, ನಾಯಿ ಜಾಸ್ತಿ. ನನ್ನ ಹೆಂಡತಿ ಸಂಜೆ ಏಳರ ನಂತರ ಮುಖ್ಯರಸ್ತೆಯನ್ನೇ ಹಿಡಿಯುತ್ತಾಳೆ, ನಾನೂ ಬೇಡ ಅನ್ನೋದಿಲ್ಲ. ಹಾಗಾಗಿ ದೀಪವಿಲ್ಲದ ಕೊಂಡಿ ಅರ್ಧ ಕೊಂಡಿ.

ಎರಡರಲ್ಲಿ ಮೊದಲು ಯಾವುದು ಅಂದರೆ ನನ್ನ ಸಹಿ ಒಳರಸ್ತೆಗೆ. ಕಾರಣ ಸರಳ: ಕೇಳಬೇಕಾದ ಕಡೆ ಮುಖ್ಯವಾಗಿ ಒಂದೇ, ಪಾಲಿಕೆ. ಬೇಡಿಕೆಯೂ ಸಣ್ಣದು: ಒಂದು ಕಿರುಸೇತುವೆ, ಒಂದು ದೀಪ. ಫುಟ್‌ಪಾತ್ ಬಗ್ಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಅಂದಿದೆ. ಪಾಲಿಕೆಗೆ ಕೊಡುವ ಮನವಿಯ ಮೊದಲ ಪ್ಯಾರಾದಲ್ಲಿ ಅದನ್ನು ಬರೆಯಿರಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಬಡಾವಣೆಯ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನದ ಗಡುವು. ದಾರಿ ಮುಗಿಯುವ ಜಾಗದಲ್ಲಿ ನಕ್ಷೆಯಲ್ಲಿ ರಸ್ತೆ ಮುಂದುವರಿದಿದ್ದರೆ ಅದರ ಪ್ರತಿ, ಎರಡೂ ದಂಡೆಯ ಮನೆಗಳ ಬಾಗಿಲ ನಂಬರ್, ಮಳೆಗಾಲದಲ್ಲಿ ತೆಗೆದ ಒಂದು ಫೋಟೋ, ಇಷ್ಟು ಲಗತ್ತಿಸಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.