ಸರ್ವಿಸ್ ಡಾಗ್ ರಿಜಿಸ್ಟ್ರೇಶನ್ ಕಿಟ್: ವೆಸ್ಟ್ ಇರಲಿ, ಸರ್ಟಿಫಿಕೇಟ್ ಬೇಡ

ಸರ್ವಿಸ್ ಡಾಗ್ ಎಂದರೆ ಅಂಗವೈಕಲ್ಯ ಇರುವವರಿಗೆ ನೆರವಾಗಲು ನಿರ್ದಿಷ್ಟ ಕೆಲಸ ಕಲಿತ ನಾಯಿ. ಅದನ್ನು ನೋಂದಾಯಿಸಿಕೊಡುತ್ತೇವೆ ಎಂದು ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರಾಟವಾಗುವ ಈ ಕಿಟ್‌ಗಳ ಹೆಸರು ಬೇರೆಬೇರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಕೆಂಪು ವೆಸ್ಟು, ನಾಯಿಯ ಫೋಟೋ ಇರುವ ಕಾರ್ಡು, ಫ್ರೇಮ್ ಹಾಕಿಸುವಷ್ಟು ಚೆಂದದ ಸರ್ಟಿಫಿಕೇಟು, ‘ಆಜೀವ ನೋಂದಣಿ ಸಂಖ್ಯೆ’, ಕಾನೂನು ಮುದ್ರಿಸಿದ ಚೀಟಿಗಳ ಕಟ್ಟು.

ಸರ್ಟಿಫಿಕೇಟು ಬರೀ ಕಾಗದ. 1990ರ ಅಂಗವಿಕಲರ ಕಾಯ್ದೆ, ಅಂದರೆ ಎಡಿಎ, ಸರ್ವಿಸ್ ಡಾಗ್‌ಗೆ ನೋಂದಣಿಯನ್ನೇ ಕೇಳುವುದಿಲ್ಲ. ಇಂಥ ದಾಖಲೆಗಳನ್ನು ನ್ಯಾಯ ಇಲಾಖೆ ಪುರಾವೆ ಎಂದು ಒಪ್ಪುವುದೂ ಇಲ್ಲ. ಊರಿನ ಎಲ್ಲ ನಾಯಿಗಳಿಗೂ ಕಡ್ಡಾಯವಾದ ಲೈಸೆನ್ಸ್, ಲಸಿಕೆ ಮಾತ್ರ ಇದಕ್ಕೂ ತಪ್ಪಿದ್ದಲ್ಲ. ನಾಯಿಗೆ ಮಾಲೀಕರೇ ತರಬೇತಿ ಕೊಟ್ಟಿದ್ದರೂ ನಡೆಯುತ್ತದೆ.

ಹೋಟೆಲು, ಅಂಗಡಿಯವರಿಗೆ ನೋಡಿದರೆ ಗೊತ್ತಾಗದಿದ್ದಾಗ ಎರಡೇ ಪ್ರಶ್ನೆ ಕೇಳಲು ಅವಕಾಶ: ಇದು ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗೇ? ಇದಕ್ಕೆ ಯಾವ ಕೆಲಸ ಕಲಿಸಲಾಗಿದೆ? ಕಾಯಿಲೆ ಏನು ಎಂದಾಗಲಿ, ಕಾಗದ ತೋರಿಸಿ, ಮಾಡಿಸಿ ತೋರಿಸಿ ಎಂದಾಗಲಿ ಕೇಳುವಂತಿಲ್ಲ. ಎರಡನೆಯದಕ್ಕೆ ಉತ್ತರ ಖಚಿತವಾಗಿರಬೇಕು. ‘ಸಕ್ಕರೆ ಇಳಿದರೆ ಮೂತಿಯಿಂದ ತಿವಿದು ಎಚ್ಚರಿಸುತ್ತದೆ’ ಎಂದರೆ ಮಾತು ಮುಗಿಯಿತು. ‘ಜೊತೆಗಿದ್ದರೆ ಸಮಾಧಾನ’ ಎಂದರೆ ಅದು ಎಮೋಷನಲ್ ಸಪೋರ್ಟ್. ಎಡಿಎ ವ್ಯಾಪ್ತಿಗೆ ಬರುವುದಿಲ್ಲ. ಪ್ಯಾನಿಕ್ ಅಟ್ಯಾಕ್ ಬರುವುದನ್ನು ಗುರುತಿಸಿ ಕಲಿಸಿದ ಕ್ರಮ ಕೈಗೊಳ್ಳುವ ನಾಯಿಯದು ಬೇರೆ ಮಾತು, ಅದು ಸರ್ವಿಸ್ ಡಾಗೇ.

ಹಾಗಾದರೆ ಕಾರ್ಡು ತೋರಿಸಿದರೇನು ನಷ್ಟ? ಆ ಕ್ಷಣಕ್ಕೆ ಬಾಗಿಲು ಬೇಗ ತೆರೆಯಬಹುದು. ಆದರೆ ಕೌಂಟರಿನವರು ಕಾರ್ಡು ನೋಡುವುದೇ ನಿಯಮ ಎಂದುಕೊಂಡು, ಮುಂದೆ ಬರಿಗೈಲಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ವೆಸ್ಟು ಕಡ್ಡಾಯವಲ್ಲ, ಆದರೂ ಉಪಯೋಗವಿದೆ: ಕಂಡವರೆಲ್ಲ ತಲೆ ಸವರಲು ಬರುವುದು ಕಡಿಮೆಯಾಗುತ್ತದೆ. ಕೊಳ್ಳುವಾಗ ಎದೆಪಟ್ಟಿಯ ಅಡಿ ಎರಡು ಬೆರಳು ತೂರುವಷ್ಟು ಸಡಿಲ ಬಿಡಿ. ಇನ್ನೂ ಸಡಿಲವಾದರೆ ವೆಸ್ಟು ಒಂದು ಪಕ್ಕಕ್ಕೆ ಜಾರುತ್ತದೆ, ಬಿಗಿಯಾದರೆ ಮುಂಗಾಲಿನ ಸಂದಿಯಲ್ಲಿ ಚರ್ಮ ಉಜ್ಜಿ ಕೆಂಪಾಗುತ್ತದೆ. ವೆಲ್ಕ್ರೋದಲ್ಲಿ ಕೂದಲು ತುಂಬಿ ಹಿಡಿತ ಹೋಗುತ್ತದೆ, ಹಾಗಾಗಿ ಬಕಲ್ ಇರುವುದೇ ವಾಸಿ. ಬೆನ್ನ ಮೇಲಿನ ಬಟ್ಟೆಯ ಹಿಡಿಕೆಯ ಮೇಲೆ ಭಾರ ಹಾಕಿ ಏಳಬೇಡಿ. ಮೈಭಾರ ಹೊರುವ ನಾಯಿಗೆ ಅದಕ್ಕೆಂದೇ ಮಾಡಿದ ಗಟ್ಟಿ ಹಾರ್ನೆಸ್ ಬೇಕು. ವೆಸ್ಟು ಹಾಕಿದರೂ ಲೀಷ್, ಹಾರ್ನೆಸ್ ಅಥವಾ ಅಂಥ ಬೇರೊಂದು ಕಟ್ಟು ಇರಲೇಬೇಕು. ಅಂಗವೈಕಲ್ಯದಿಂದ ಹಿಡಿಯಲಾಗದಿದ್ದರೆ ಅಥವಾ ಆ ಕಟ್ಟೇ ನಾಯಿಯ ಕೆಲಸಕ್ಕೆ ಅಡ್ಡಿಯಾದರೆ ಮಾತ್ರ ವಿನಾಯಿತಿ. ಆಗಲೂ ದನಿಗೋ ಸನ್ನೆಗೋ ನಾಯಿ ಬಗ್ಗಬೇಕು.

ಕಿಟ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಕಾನೂನಿನ ಚೀಟಿ. ಅದನ್ನು ಮನೆಯಲ್ಲೇ ಪ್ರಿಂಟ್ ಹಾಕಿಕೊಳ್ಳಬಹುದು. ಎರಡು ಪ್ರಶ್ನೆ, ಪೆಟ್ ಫೀ ಕೇಳುವಂತಿಲ್ಲ, ಬೇರೆಯವರ ಅಲರ್ಜಿ ಅಥವಾ ಹೆದರಿಕೆ ಕಾರಣವಾಗದು ಎಂಬ ಮೂರು ಮಾತು ಸಾಕು. ಗ್ರಾಹಕರಿಗೆ ಸಿಟ್ಟು ತರಿಸುವ ನಾಲ್ಕನೆಯದೂ ಇರಲಿ: ನಾಯಿ ಹತೋಟಿ ತಪ್ಪಿ ಮಾಲೀಕರು ತಡೆಯದಿದ್ದರೆ, ಅಥವಾ ಒಳಗೇ ಗಲೀಜು ಮಾಡಿದರೆ, ಹೊರಗೆ ಕಳಿಸುವ ಹಕ್ಕು ಅಂಗಡಿಯವರಿಗಿದೆ. ಆಗಲೂ ನಾಯಿಯಿಲ್ಲದೆ ಒಳಬಂದು ಸೇವೆ ಪಡೆಯಲು ಮಾಲೀಕರಿಗೆ ಅವಕಾಶ ಕೊಡಬೇಕು. ಚರ್ಚು, ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಗಳಿಗೆ ಈ ಕಾಯ್ದೆಯ ನಿಯಮ ಅನ್ವಯಿಸುವುದಿಲ್ಲ. ಮೊದಲೇ ಕೇಳಿ ಹೋಗಿ.

ವಿಮಾನಕ್ಕೆ ಈ ಕಿಟ್ ನಂಬಿ ಹೊರಟರೆ ಕೆಟ್ಟಿರಿ. 2021ರ ಜನವರಿ 11ರಿಂದ ಜಾರಿಯಲ್ಲಿರುವ ನಿಯಮದಂತೆ ವಿಮಾನ ಕಂಪನಿ ಸಾರಿಗೆ ಇಲಾಖೆಯ ಫಾರಂ ಕೇಳಬಹುದು, ಮೊದಲೇ ಟಿಕೆಟ್ ಮಾಡಿಸಿದವರಿಂದ 48 ಗಂಟೆ ಮುಂಚೆಯೇ. 8 ಗಂಟೆ ಅಥವಾ ಹೆಚ್ಚಿನ ಪ್ರಯಾಣಕ್ಕೆ ಮಲಮೂತ್ರದ ಬಗ್ಗೆ ಇನ್ನೊಂದು ಫಾರಂ ಕೇಳಬಹುದು.

ಸಾಕಿದ ನಾಯಿಯನ್ನು ಮಾಲ್‌ಗೆ ಕರೆದೊಯ್ಯಲು ಕಿಟ್ ಕೊಳ್ಳುವವರಿಗೆ: ಕ್ಯಾಲಿಫೋರ್ನಿಯಾದಲ್ಲಿ ಬೇಕೆಂದೇ ಹೀಗೆ ಸುಳ್ಳು ಹೇಳಿದರೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.