ಜರ್ಮನ್ ಸಿಲ್ವರ್ ಸರ ಮಾಡುವವರೇ, ಕೊಂಡಿ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಕೂತು ದೊಡ್ಡ ದೊಡ್ಡ ಸರ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೀರೆ ಎಷ್ಟೇ ಸಾದಾ ಇರಲಿ, ಕತ್ತಿನ ಸರ ಮಾತ್ರ ಎದ್ದು ಕಾಣಬೇಕು, ಆ ಥರದ ಸರ. ಅಗಲವಾದ ಪೆಂಡೆಂಟ್, ಕೆಳಗೆ ಸಾಲು ಗೆಜ್ಜೆ, ಕಪ್ಪು ದಾರ. ಮೂರು ವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೆ. ಮೊದಲು ನನಗಾಗಿ, ಆಮೇಲೆ ಗೆಳತಿಯರಿಗೆ, ಆಮೇಲೆ ಕೇಳಿದವರಿಗೆಲ್ಲ. ಈ ಏಪ್ರಿಲ್‌ನಲ್ಲಿ ನಾನು ಮಾಡಿಕೊಟ್ಟ ಒಂದು ಸರದಿಂದ ನನ್ನ ಅಕ್ಕನ ಮಗಳ ಕತ್ತು ಬೆಂದ ಹಾಗೆ ಆಯಿತು. ಗಾಯ ಮಾಗಿದೆ. ಅಲರ್ಜಿ ಮಾತ್ರ ಇನ್ನು ಹೋಗುವುದಿಲ್ಲ ಎಂದು ಚರ್ಮದ ಡಾಕ್ಟರ್ ಹೇಳಿದ್ದಾರೆ.

ಬೆಂಗಳೂರಿನವರಿಗೆ ಗೊತ್ತಿರುತ್ತದೆ, ಈ ಸಾಮಾನಿಗೆ ಎಲ್ಲರೂ ಹೋಗುವುದು ಚಿಕ್ಕಪೇಟೆ, ಮಾಮೂಲ್ ಪೇಟೆ ಕಡೆಯ ಗಲ್ಲಿಗಳಿಗೆ. ಮಣಿ, ಗೆಜ್ಜೆ, ರಿಂಗು, ಹುಕ್ಕು ಎಲ್ಲ ಪ್ಯಾಕೆಟ್ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಿ ಸಿಗುತ್ತವೆ. ನಾನು ಒಂದೇ ಅಂಗಡಿಯಿಂದ ತರುತ್ತಿದ್ದೆ. ಆಕ್ಸಿಡೈಸ್ಡ್, ಅಂದರೆ ಕಪ್ಪು ಛಾಯೆ ಕೊಟ್ಟ ಪೆಂಡೆಂಟ್‌ಗಳಲ್ಲಿ ಅಲ್ಲಿ ಒಳ್ಳೊಳ್ಳೆ ಡಿಸೈನ್ ಇದ್ದವು. ನವಿಲು, ಆನೆ, ನಂದಿ. ಅಂಗೈ ಅಗಲದ ಒಂದು ಗಂಡಭೇರುಂಡ ನೋಡಿದ ಕೂಡಲೇ ಅಕ್ಕನ ಮಗಳ ನೆನಪಾಯಿತು. ಅವಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಎಥ್ನಿಕ್ ಡೇ ಇತ್ತು. "ಚಿಕ್ಕಮ್ಮ, ನನ್ನ ಸರ ನೋಡಿ ಎಲ್ಲರೂ ಎಲ್ಲಿ ತಗೊಂಡೆ ಅಂತ ಕೇಳಬೇಕು, ಅಂಥದ್ದು ಮಾಡಿಕೊಡಿ" ಎಂದಿದ್ದಳು.

ಎರಡು ಸಂಜೆ ಕೂತು ಮಾಡಿದೆ. ಕತ್ತಿಗೆ ಅಂಟಿಕೊಳ್ಳುವ ಹಾಗೆ ಒಂದು ಗಟ್ಟಿ ಪಟ್ಟಿ, ಅದಕ್ಕೆ ಗಂಡಭೇರುಂಡ, ಅದರ ಕೆಳಗೆ 21 ಗೆಜ್ಜೆ. ಒಂದೊಂದು ಗೆಜ್ಜೆಗೂ ಒಂದೊಂದು ರಿಂಗು. ಎರಡು ಇಕ್ಕಳ ಹಿಡಿದು, ರಿಂಗಿನ ಬಾಯನ್ನು ಎಳೆದು ಅಗಲ ಮಾಡದೆ ಪಕ್ಕಕ್ಕೆ ತಿರುಚಿ ತೆರೆದು, ಗೆಜ್ಜೆ ಸೇರಿಸಿ, ಮತ್ತೆ ತಿರುಚಿ ಮುಚ್ಚಬೇಕು. ಹಾಗೆ ಮಾಡಿದರೆ ರಿಂಗು ಸಡಿಲ ಆಗುವುದಿಲ್ಲ. ಇಷ್ಟೆಲ್ಲ ಜೋಪಾನ ಮಾಡಿದವಳು ಒಂದು ವಿಷಯ ಮಾತ್ರ ಕೇಳಲೇ ಇಲ್ಲ. ಈ ಲೋಹ ಯಾವುದು?

ಅವತ್ತು ಅವಳು ಬೆಳಗ್ಗೆ ಎಂಟಕ್ಕೆ ಹಾಕಿಕೊಂಡ ಸರವನ್ನು ತೆಗೆದದ್ದು ರಾತ್ರಿ ಹತ್ತಕ್ಕೆ. ದಾವಣಗೆರೆಯ ಏಪ್ರಿಲ್ ಬಿಸಿಲು. ಮಧ್ಯಾಹ್ನ ಡಾನ್ಸ್ ಬೇರೆ. ಬೆವರು ಹರಿದು ಪಟ್ಟಿಯ ಒಳಗೆಲ್ಲ ಇಳಿದಿತ್ತಂತೆ. ರಾತ್ರಿ ಸ್ವಲ್ಪ ತುರಿಕೆ ಅಷ್ಟೆ. ಮಾರನೆಯ ದಿನ ಕತ್ತು ಕೆಂಪಾಯಿತು. ಮೂರನೆಯ ದಿನ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

ನಮ್ಮಮ್ಮ ಅಕ್ಕನ ಮನೆಯಲ್ಲೇ ಇರುತ್ತಾರೆ. ಕತ್ತಿನ ಸುತ್ತ ಗುಳ್ಳೆ ನೋಡಿ ಅವರಿಗೆ ಮೊದಲು ಹೊಳೆದದ್ದು ಸರ್ಪಸುತ್ತು. ಕೆಮ್ಮಣ್ಣು ಕಲಸಿ ಹಚ್ಚಿದರು. ಪಕ್ಕದ ಮನೆಯವರು ನಂಜಾಗಿದೆ, ಬದನೆಕಾಯಿ ಕೊಡಬೇಡಿ ಎಂದರು. ಯಾರ ಮೇಲೂ ನನಗೆ ಸಿಟ್ಟಿಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಆದರೆ ಅಷ್ಟರಲ್ಲಿ ಐದು ದಿನ ಕಳೆಯಿತು. ತುರಿಕೆ ತಡೆಯಲಾಗದೆ ಅವಳು ನಿದ್ದೆಯಲ್ಲೇ ಕೆರೆದುಕೊಂಡಳು. ಗುಳ್ಳೆ ಒಡೆದು ಕೀವಾಯಿತು, ಜ್ವರವೂ ಬಂತು.

ಆರನೆಯ ದಿನ ಅಕ್ಕ ಫೋಟೋ ಕಳಿಸಿದಳು. ಅದನ್ನು ನೋಡಿದಾಗ ನನ್ನ ಕೈಕಾಲು ತಣ್ಣಗಾದವು. ಕತ್ತಿನ ಮುಂಭಾಗದಲ್ಲಿ ಎರಡು ಬೆರಳು ಅಗಲದ ಕೆಂಪು ಪಟ್ಟಿ. ಅದರ ಕೆಳಗೆ, ಎದೆಯ ಮೇಲೆ, ಸಾಲಾಗಿ ಚಿಕ್ಕ ಚಿಕ್ಕ ದುಂಡು ಗುರುತು. ಗೆಜ್ಜೆ ತಾಗಿದ ಜಾಗ ಅವು. ಹಿಂದೆ, ಕತ್ತಿನ ಮೂಳೆಯ ಹತ್ತಿರ, ಹುಕ್ಕಿನ ಗಾತ್ರದ್ದೇ ಒಂದು ಹುಣ್ಣು. ದಾರ ಇದ್ದ ಕಡೆ ಮಾತ್ರ ಚರ್ಮ ಚೆನ್ನಾಗಿತ್ತು. ನಾನು ಮಾಡಿದ ಸರ ಅವಳ ಮೈಮೇಲೆ ಅಚ್ಚೊತ್ತಿದ ಹಾಗೆ ಇತ್ತು. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಬರುತ್ತದೆ. ಇದು ಎರಡೂ ಬದಿಗೆ ಸಮನಾಗಿ ಬಂದಿತ್ತು.

ಚರ್ಮದ ಡಾಕ್ಟರ್ ನೋಡಿದ ತಕ್ಷಣ ಕೇಳಿದ ಪ್ರಶ್ನೆ, "ಜೀನ್ಸ್ ಹಾಕಿದಾಗ ಹೊಕ್ಕುಳಿನ ಕೆಳಗೆ, ಗುಂಡಿ ತಾಗುವ ಜಾಗದಲ್ಲಿ ಕಡಿತ ಬರುತ್ತಾ?" ಬರುತ್ತಿತ್ತು. ಒಂದು ವರ್ಷದಿಂದ ಬರುತ್ತಿತ್ತು. ಸೋಪು ಸರಿಯಿಲ್ಲ ಎಂದು ಅವಳು ಸುಮ್ಮನಿದ್ದಳು. ಗಾಯ ಮಾಗಿದ ಮೇಲೆ ಪ್ಯಾಚ್ ಟೆಸ್ಟ್ ಮಾಡಿದರು. ಬೇರೆ ಬೇರೆ ವಸ್ತುಗಳನ್ನು ಸಣ್ಣ ಬಿಲ್ಲೆಗಳಲ್ಲಿ ಇಟ್ಟು ಬೆನ್ನಿಗೆ ಟೇಪು ಹಾಕಿ ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಗಬಾರದು. ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅವಳ ಬೆನ್ನಿನಲ್ಲಿ ಕೆಂಪಾಗಿ ಉಬ್ಬಿದ್ದು ಒಂದೇ ಜಾಗ. ನಿಕ್ಕಲ್ ಎಂಬ ಲೋಹ ಇಟ್ಟ ಜಾಗ.

ನಾನು ಅಂಗಡಿಗೆ ಹೋಗಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಉತ್ತರ ಕೊಟ್ಟರು. "ಮೇಡಂ, ನಿಕ್ಕಲ್ ಎಲ್ಲ ನಾವು ಇಡೋದೇ ಇಲ್ಲ. ಇದು ಪ್ಯೂರ್ ಜರ್ಮನ್ ಸಿಲ್ವರ್." ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಮೂರು ವರ್ಷ ನಾನೂ ಇದೇ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. "ಸ್ವಲ್ಪ ಬೆಳ್ಳಿ ಸೇರಿರುತ್ತೆ ಕಣೇ, ಏನೂ ಆಗಲ್ಲ" ಎಂದಿದ್ದೇನೆ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ. ಸುಮಾರಾಗಿ ನೂರಕ್ಕೆ 60 ತಾಮ್ರ, 20 ನಿಕ್ಕಲ್, 20 ಸತು. ಚೀನಾದಲ್ಲಿ ಹಿಂದಿನಿಂದಲೂ ಇಂಥ ಬಿಳಿ ಲೋಹ ಇತ್ತು. ಅದನ್ನು ನೋಡಿ 19ನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯವರು ತಯಾರಿಸಿದರು, ಬಣ್ಣ ಬೆಳ್ಳಿಯ ಹಾಗಿದ್ದದ್ದಕ್ಕೆ ಆ ಹೆಸರು ನಿಂತಿತು. ಆರತಿ ತಟ್ಟೆಗೆ, ಕುಂಕುಮದ ಬಟ್ಟಲಿಗೆ ಅದರಿಂದ ತೊಂದರೆ ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಟ್ಟ ಬಟ್ಟಲನ್ನು ಯಾರೂ ಹದಿನಾಲ್ಕು ಗಂಟೆ ಕತ್ತಿಗೆ ಒತ್ತಿ ಹಿಡಿದಿರುವುದಿಲ್ಲ, ಅಲ್ವಾ? ಸರದ ಕಥೆ ಬೇರೆ. ಬೆವರಿನಲ್ಲಿರುವ ಉಪ್ಪು ಮತ್ತು ಆಮ್ಲಕ್ಕೆ ನಿಕ್ಕಲ್ ಕರಗಿ ಚರ್ಮದೊಳಗೆ ಇಳಿಯುತ್ತದೆ. ಉಜ್ಜಿದಷ್ಟೂ, ಬೆವರಿದಷ್ಟೂ ಜಾಸ್ತಿ.

ಇನ್ನೊಂದು ತೊಡಕಿದೆ. ಅಂಗಡಿಯಲ್ಲಿ ಜರ್ಮನ್ ಸಿಲ್ವರ್ ಎಂದು ಕೊಡುವುದೆಲ್ಲ ಅದೇ ಲೋಹ ಎಂದೂ ನಂಬುವ ಹಾಗಿಲ್ಲ. ಹಿತ್ತಾಳೆಯೋ ಕಬ್ಬಿಣವೋ ಇದ್ದು ಮೇಲೆ ಬಿಳಿ ಪಾಲಿಶ್ ಆಗಿರಬಹುದು. ಆ ಪಾಲಿಶ್ ಎಷ್ಟೋ ಸಲ ನಿಕ್ಕಲ್ಲೇ. ಹುಕ್ಕು, ರಿಂಗು, ಚೈನಿನ ತುಂಡುಗಳಲ್ಲಿ ಇದು ಜಾಸ್ತಿ. ನಾವು ಪೆಂಡೆಂಟ್ ಆರಿಸಲು ಒಂದು ಗಂಟೆ ನಿಲ್ಲುತ್ತೇವೆ, ಹುಕ್ಕನ್ನು ಮಾತ್ರ ಕೊನೆಗೆ "ಅದೂ ಒಂದು ಪ್ಯಾಕೆಟ್ ಹಾಕಿ" ಎಂದು ತರುತ್ತೇವೆ. ಕತ್ತಿನ ಹಿಂದೆ, ಕೂದಲ ಕೆಳಗೆ, ಅತಿ ಹೆಚ್ಚು ಬೆವರುವ ಜಾಗದಲ್ಲಿ ಕೂರುವುದೇ ಆ ಹುಕ್ಕು.

"ನಾನೂ ಹಾಕುತ್ತೇನೆ, ನನಗೇನೂ ಆಗಿಲ್ಲ" ಎನ್ನುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮೋಸ ಹೋದದ್ದೂ ಇಲ್ಲೇ. ಅದೇ ಅಂಗಡಿಯ ಸಾಮಾನಿನಿಂದ ಮಾಡಿದ ಸರವನ್ನು ನಾನು ಎರಡು ವರ್ಷ ಹಾಕಿದ್ದೇನೆ. ಒಂದು ಗುಳ್ಳೆಯೂ ಬಂದಿಲ್ಲ. ಈ ಅಲರ್ಜಿ ಎಲ್ಲರಿಗೂ ಬರುವುದಿಲ್ಲ. ಬರುವವರಿಗೂ ಮೊದಲ ದಿನವೇ ಬರುವುದಿಲ್ಲ. ದೇಹ ಮೊದಲು ಆ ಲೋಹವನ್ನು ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಆಗ ಹೊರಗೆ ಏನೂ ಕಾಣುವುದಿಲ್ಲ. ಗುರುತು ಹಿಡಿದ ಮೇಲೆ ಪ್ರತಿ ಸಲ ತಾಗಿದಾಗಲೂ ಒಂದೆರಡು ದಿನದಲ್ಲಿ ಏಳುತ್ತದೆ. ಹಾಗಾಗಿ "ಒಂದು ಗಂಟೆ ಹಾಕಿ ನೋಡಿದೆ, ಏನೂ ಆಗಲಿಲ್ಲ" ಎನ್ನುವುದು ಪರೀಕ್ಷೆಯೇ ಅಲ್ಲ. ಹೆಂಗಸರಲ್ಲಿ ಇದು ಹೆಚ್ಚು. ಕಿವಿ ಚುಚ್ಚಿಸಿದಾಗ ಹಾಕುವ ಅಗ್ಗದ ಓಲೆಯಿಂದಲೇ ಎಷ್ಟೋ ಜನರಿಗೆ ಶುರುವಾಗುತ್ತದೆ. ನಮ್ಮ ಹುಡುಗಿಗೂ ಹಾಗೇ ಮೊದಲೇ ಶುರುವಾಗಿರಬಹುದು ಎಂದು ಡಾಕ್ಟರ್ ಹೇಳಿದರು. ಅಕ್ಕ ಅದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡಿದಳು. ಆದರೆ ಆ ದಿನ ಅಷ್ಟು ದೊಡ್ಡ ನಿಕ್ಕಲ್ ಪಟ್ಟಿಯನ್ನು ಅವಳ ಕತ್ತಿಗೆ ಕಟ್ಟಿದ್ದು ನಾನೇ.

ಯುರೋಪಿನಲ್ಲಿ ಇದಕ್ಕೆ 1994ರಲ್ಲೇ ಕಾನೂನು ಮಾಡಿದ್ದಾರೆ. ಚರ್ಮಕ್ಕೆ ತುಂಬಾ ಹೊತ್ತು ತಾಗುವ ಒಡವೆ ಒಂದು ಚದರ ಸೆಂಟಿಮೀಟರಿಗೆ, ಒಂದು ವಾರಕ್ಕೆ, 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದು. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಒಂದು ಮೈಕ್ರೋಗ್ರಾಂ. ಅದರಲ್ಲೂ ಅರ್ಧ. ಅಲರ್ಜಿ ಏಳಲು ಎಷ್ಟು ಕಡಿಮೆ ಸಾಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ ಇರಬಹುದು ಎಂದು ಗೊತ್ತಾಗುತ್ತದೆ, ಅಷ್ಟೆ. ಜರ್ಮನ್ ಸಿಲ್ವರ್‌ನಲ್ಲಿ ಅಷ್ಟು ನಿಕ್ಕಲ್ ಇದ್ದರೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇದಕ್ಕೆ ಬೇರೆಯೇ ಒಂದು ಪರೀಕ್ಷೆ ಇದೆ. ನಿಕ್ಕಲ್ ಟೆಸ್ಟ್ ಕಿಟ್ ಎಂದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದರಲ್ಲಿರುವುದು ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ದ್ರಾವಣ. ಹತ್ತಿ ಕಡ್ಡಿಗೆ ಎರಡು ಹನಿ ಹಾಕಿ ಲೋಹವನ್ನು ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಬಿಡುತ್ತಿದೆ ಎಂದರ್ಥ. ನಾನು ಮನೆಯಲ್ಲಿದ್ದ ಡಬ್ಬಿಯನ್ನೆಲ್ಲ ಸುರಿದುಕೊಂಡು ಒಂದೊಂದಾಗಿ ಉಜ್ಜಿದೆ. ಗಂಡಭೇರುಂಡ ಗುಲಾಬಿ. ಗೆಜ್ಜೆ ಗುಲಾಬಿ. ಹುಕ್ಕಂತೂ ಕಡು ಗುಲಾಬಿ. ಬಣ್ಣ ಬರದಿದ್ದರೂ ಪೂರ್ತಿ ನಂಬಬೇಡಿ. ಮೇಲೆ ಬೇರೆ ಪಾಲಿಶ್ ಇದ್ದು ಕೆಳಗೆ ನಿಕ್ಕಲ್ ಇರಬಹುದು. ಕಾಣದ ಕಡೆ ಸ್ವಲ್ಪ ಗೀರಿ ಮತ್ತೊಮ್ಮೆ ಉಜ್ಜಿ ನೋಡಿ.

ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವುದು ಎಲ್ಲರೂ ಹೇಳುವ ಉಪಾಯ. ಆ ಹುಕ್ಕಿಗೆ ನಾನೂ ಎರಡು ಕೋಟು ಬಳಿದಿದ್ದೆ. ಬೆವರಿಗೆ, ಉಜ್ಜಾಟಕ್ಕೆ ಅದು ಎದ್ದು ಹೋಯಿತು.

ಈಗ ನಾನು ಹಿಂಭಾಗಕ್ಕೆ ಲೋಹವನ್ನೇ ಹಾಕುವುದಿಲ್ಲ. ಹತ್ತಿ ದಾರದ್ದೇ ಜಾರುಗಂಟು. ಎಳೆದರೆ ಬಿಗಿಯಾಗುತ್ತದೆ, ಸಡಿಲವೂ ಆಗುತ್ತದೆ. ಮುಂದೆ ಎದ್ದು ಕಾಣುವುದಕ್ಕೆ ನಮ್ಮಲ್ಲಿ ಏನು ಕಡಿಮೆ? ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳಿವೆ. ಆಲೆ ಮರದಲ್ಲಿ ಕಡೆದಿರುತ್ತಾರೆ, ಹಗುರ, ಎಷ್ಟು ದೊಡ್ಡದು ಹಾಕಿದರೂ ಕತ್ತು ನೋಯುವುದಿಲ್ಲ. ಗುಳೇದಗುಡ್ಡದ ಖಣದ ಚೂರು ಸುತ್ತಿದ ಬಟ್ಟೆಯ ಮಣಿ ನನಗೀಗ ತುಂಬಾ ಇಷ್ಟ. ಟೆರಾಕೋಟಾ ಇದೆ, ಕವಡೆ ಇದೆ. ಲೋಹ ಬೇಕೇ ಬೇಕು ಎಂದರೆ 925 ಬೆಳ್ಳಿ (ನೂರಕ್ಕೆ 92.5 ಭಾಗ ಬೆಳ್ಳಿ), ಇಲ್ಲವೇ ಪಾಲಿಶ್ ಇಲ್ಲದ ತಾಮ್ರ ಅಥವಾ ಹಿತ್ತಾಳೆ ತಂದು ಉಜ್ಜಿ ಪರೀಕ್ಷೆ ಮಾಡಿಯೇ ಬಳಸುತ್ತೇನೆ. ಸ್ಟೀಲಿನಲ್ಲೂ ನಿಕ್ಕಲ್ ಇರುತ್ತದೆ. 316ಎಲ್ ಎನ್ನುವ ಬಗೆ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಆದರೂ ಅಲರ್ಜಿ ಇದೆ ಎಂದು ಗೊತ್ತಿರುವವರಿಗೆ ನಾನು ಅದನ್ನೂ ಹಾಕಿಕೊಡುವುದಿಲ್ಲ.

ಹಳೆಯ ನಾಣ್ಯದ ಸರ ಮಾಡುವವರೂ ಗಮನಿಸಿ. ಹಳೆಯ 2 ರೂಪಾಯಿ, 5 ರೂಪಾಯಿಯ ಕುಪ್ರೋನಿಕಲ್ ನಾಣ್ಯಗಳಲ್ಲಿ ಕಾಲು ಭಾಗ ನಿಕ್ಕಲ್. ಲಂಬಾಣಿ ಶೈಲಿಯ ಸರಕ್ಕೆ ಅವು ಚಂದ ಕಾಣುತ್ತವೆ, ನಿಜ. ಹಿಂದೆ ಬಟ್ಟೆಯ ಪಟ್ಟಿ ಕೊಟ್ಟು ಹೊಲಿಯಿರಿ, ನಾಣ್ಯ ಚರ್ಮಕ್ಕೆ ತಾಗದಿರಲಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಡಬ್ಬಿಗಳನ್ನು ಮೇಲಿಡಿ. ಅಗ್ಗದ ಲೋಹದಲ್ಲಿ ಸೀಸವೂ ಇರಬಹುದು. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 4 ವರ್ಷದ ಮಗುವೊಂದು ಬ್ರೇಸ್‌ಲೆಟ್ಟಿನ ಪುಟ್ಟ ಪದಕ ನುಂಗಿ ತೀರಿಕೊಂಡಿತು. ಆ ಪದಕ ಹೆಚ್ಚುಕಡಿಮೆ ಪೂರ್ತಿ ಸೀಸ. ನನ್ನ ಡಬ್ಬಿ ಮೂರು ವರ್ಷ ದಿವಾನದ ಕೆಳಗೇ ಇತ್ತು. ಪಕ್ಕದ ಮನೆಯ ಪಾಪು ಅದರೊಳಗೆ ಕೈಯಾಡಿಸಿ ಆಡುತ್ತಿತ್ತು.

ನನ್ನಿಂದ ಸರ ತೆಗೆದುಕೊಂಡ 23 ಜನರಿಗೆ ಫೋನ್ ಮಾಡಿದೆ. ಇಬ್ಬರು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅವರಿಗೂ ಕಡಿತ ಬಂದಿತ್ತಂತೆ. ಒಬ್ಬರು, "ನೀವು ಅಷ್ಟು ಪ್ರೀತಿಯಿಂದ ಮಾಡಿಕೊಟ್ಟಿದ್ದು, ಹೇಗೆ ಹೇಳೋದು ಅಂತ ಸಂಕೋಚ ಆಯ್ತು" ಎಂದರು. ಸರವನ್ನು ಬೀರುವಿನಲ್ಲಿಟ್ಟು, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಾಗಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಮಾಡಿಕೊಟ್ಟವರು ಎಷ್ಟೇ ಹತ್ತಿರದವರಾದರೂ ಹೇಳಿ. ಆ ಇಬ್ಬರಲ್ಲಿ ಒಬ್ಬರು ಆಗಲೇ ಹೇಳಿದ್ದರೆ ಗಂಡಭೇರುಂಡದ ಸರ ದಾವಣಗೆರೆಗೆ ಹೋಗುತ್ತಿರಲಿಲ್ಲ.

ಅಕ್ಕನ ಮಗಳ ಕತ್ತಿನ ಕಪ್ಪು ಕಲೆ ನಿಧಾನಕ್ಕೆ ಮಾಸುತ್ತಿದೆ. ತಿಂಗಳುಗಟ್ಟಲೆ ಬೇಕು ಎಂದಿದ್ದಾರೆ. ಅವಳ ಗೆಳತಿಯ ಮದುವೆಗೆ ಮೇಲಿನತನಕ ಕಾಲರ್ ಇರುವ ರವಿಕೆ ಹೊಲಿಸಿಕೊಂಡು ಹೋದಳು.

ನನಗೆ ಸಿಗದೇ ಇರುವವರು ಒಬ್ಬರು ಇದ್ದಾರೆ. ಕಳೆದ ದಸರಾ ಸಮಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಸಂತೆಯಲ್ಲಿ ನನ್ನ ಮೇಜಿನಿಂದ ಕೊಂಡರು, ನಗದು ಕೊಟ್ಟರು, ನಂಬರ್ ತೆಗೆದುಕೊಳ್ಳಲಿಲ್ಲ. ಹಸಿರು ದಾರ, ಎದುರುಬದುರು ಎರಡು ನವಿಲು, ನಡುವೆ ಕೆಂಪು ಕಲ್ಲು, ಕೆಳಗೆ ಒಂಬತ್ತು ಗೆಜ್ಜೆ. ಆ ಸರ ನಿಮ್ಮ ಹತ್ತಿರ ಇದ್ದರೆ, ನಿಮ್ಮ ಪರಿಚಯದವರ ಕತ್ತಿನಲ್ಲಿ ನೋಡಿದ್ದರೆ, ದಯವಿಟ್ಟು ತೆಗೆಸಿ. ನನಗೆ ತಿಳಿಸಿ, ದುಡ್ಡು ವಾಪಸ್ ಕೊಡುತ್ತೇನೆ. ಬೇಕೆಂದರೆ ಅದೇ ಹಸಿರು ದಾರದಲ್ಲಿ ಮರದ ಮಣಿಯ ಸರ ಪೋಣಿಸಿ ಕಳಿಸುತ್ತೇನೆ.