ಆಮ್‌ಹರ್ಸ್ಟ್‌ನ ಓಲ್ವರ್ ಡಿಸೈನ್ ಬಿಲ್ಡಿಂಗ್: ಕಾಂಕ್ರೀಟಿನವನು ಕಂಡ ಮರದ ಕಟ್ಟಡ

ನಾನು ಹುಬ್ಬಳ್ಳಿಯ ಸೈಟ್ ಎಂಜಿನಿಯರ್. ಕಬ್ಬಿಣ ಕಟ್ಟಿಸೋದು, ಕಾಂಕ್ರೀಟ್ ಹಾಕಿಸೋದು ನನ್ನ ಕೆಲಸ. ಮಗಳು ಓದುತ್ತಿರುವ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿಗೆ ಹೋದಾಗ ಈ ಕಟ್ಟಡವನ್ನು ನೋಡಿದೆ. ಒಂದೇ ಮಾತಲ್ಲಿ ಹೇಳೋದಾದರೆ, ಅದ್ಭುತ.

2017ರಲ್ಲಿ ಬಾಗಿಲು ತೆರೆದ ನಾಲ್ಕು ಮಹಡಿ ಕಟ್ಟಡ ಇದು, ಸುಮಾರು 87,000 ಚದರಡಿ. ವಾಸ್ತುಶಿಲ್ಪ ಮತ್ತು ಕಟ್ಟಡ ತಂತ್ರಜ್ಞಾನ ವಿಭಾಗಗಳು ಇಲ್ಲೇ ಇವೆ. ಮೊದಲು ಉಕ್ಕಿನಲ್ಲಿ ಕಟ್ಟೋ ಯೋಚನೆ ಇತ್ತು. ಮರವೇ ಆಗಲಿ ಅಂತ ಪಟ್ಟು ಹಿಡಿದವರಲ್ಲಿ ಜಾನ್ ಓಲ್ವರ್ ಎಂಬ ಮಾಜಿ ಸಂಸದರು ಮುಖ್ಯರು. ಈಗ ಕಟ್ಟಡಕ್ಕೆ ಅವರದೇ ಹೆಸರು.

ಕಂಬ, ತೊಲೆ ಎಲ್ಲವೂ ಹಲಗೆಗಳನ್ನು ಅಂಟಿಸಿ ಮಾಡಿದ ದಪ್ಪ ಮರ. ಲಿಫ್ಟ್ ಓಡಾಡೋ ಜಾಗದ ಸುತ್ತಲಿನ ಗೋಡೆಯೂ ಮರದ್ದೇ! ಬೆಂಕಿ ಬಿದ್ದರೆ ಏನು ಗತಿ ಅಂತ ಎಲ್ಲರೂ ಕೇಳ್ತಾರೆ. ಇಷ್ಟು ದಪ್ಪ ಮರದ ಮೇಲ್ಪದರ ಮೊದಲು ಕರಕಲಾಗುತ್ತೆ. ಆ ಕರಕಲೇ ಒಳಗಿನ ಮರಕ್ಕೆ ಬಿಸಿ ತಾಗೋದನ್ನು ತಡೆದು ನಿಧಾನ ಮಾಡುತ್ತೆ.

ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಸ್ಲ್ಯಾಬ್. ಕೆಳಗೆ ಅಡ್ಡಡ್ಡ ಪದರಗಳಾಗಿ ಅಂಟಿಸಿದ ಮರದ ಹಲಗೆ, ಮೇಲೆ ಕಾಂಕ್ರೀಟ್. ಎರಡನ್ನೂ ಬೆಸೆಯೋದು ತೂತು ತೂತಾದ ಉಕ್ಕಿನ ಜಾಲರಿ: ಅರ್ಧ ಭಾಗ ಮರದ ಸೀಳಿನಲ್ಲಿ ಅಂಟಿ ಕೂತಿರುತ್ತೆ, ಉಳಿದರ್ಧ ಕಾಂಕ್ರೀಟಿನೊಳಗೆ. ಒತ್ತಡವನ್ನು ಕಾಂಕ್ರೀಟ್ ತಾಳುತ್ತೆ, ಎಳೆತವನ್ನು ಮರ. ನಮ್ಮಲ್ಲಿ ಕಾಂಕ್ರೀಟ್ ಗಟ್ಟಿಯಾಗೋವರೆಗೆ ಕೆಳಗೆ ಆಸರೆಗೆ ಇಡೋ ಸೆಂಟ್ರಿಂಗ್ ಹಲಗೆಯನ್ನು ಬಿಚ್ಚದೆ ಹಾಗೇ ಬಿಟ್ಟು, ಅದಕ್ಕೂ ಭಾರ ಹೊರೋ ಕೆಲಸ ಕೊಟ್ಟಂತೆ. ಎಂಥ ಚೆಂದದ ಲೆಕ್ಕಾಚಾರ ಅಲ್ವಾ?

ನಡುವಿನ ದೊಡ್ಡ ಹಜಾರದ ಮೇಲೆ ತಾರಸಿ ತೋಟ ಇದೆ. ಆ ಭಾರವನ್ನು ಹೊತ್ತಿರೋದು ಮರದ ಆಸರೆ ಕೋಲು, ತೆಳು ಉಕ್ಕಿನ ಸರಳು ಸೇರಿದ ಟ್ರಸ್, ಅಂದರೆ ಭಾರ ಹೊರೋ ಚೌಕಟ್ಟು. ಅದರ ಜೋಡಣೆಗಳೆಲ್ಲ ಕಣ್ಣೆದುರಿಗೇ ಇವೆ, ಸುಮ್ನೆ ಕತ್ತೆತ್ತಿದರೆ ಸಾಕು. ಕಟ್ಟೋದನ್ನು ಕಲಿಯೋ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕೊರತೆ ಇಲ್ಲ ಅಂತಲ್ಲ. ಹೊರಗೆ ತಾಮ್ರದ ಬಣ್ಣದ ಅಲ್ಯೂಮಿನಿಯಂ ಹೊದಿಕೆ. ಮಳೆ, ಹಿಮದಿಂದ ಮರ ಕಾಪಾಡಬೇಕು, ಒಪ್ಪಿದೆ. ಆದರೆ ದಾರಿಯಲ್ಲಿ ಹೋಗೋರಿಗೆ ಒಳಗಿನ ಮರದ ಸುಳಿವೇ ಸರಿಯಾಗಿ ಸಿಗಲ್ಲ. ಇನ್ನೊಂದು, ತೊಲೆ-ಹಲಗೆ ಬಂದದ್ದು ಕೆನಡಾದ ಕ್ವಿಬೆಕ್‌ನಿಂದ. ಮ್ಯಾಸಚೂಸೆಟ್ಸ್‌ನಲ್ಲೇ ಅಷ್ಟೊಂದು ಕಾಡಿರುವಾಗ ಹತ್ತಿರದ ಮರವನ್ನೇ ಬಳಸುವಂತಾಗಬೇಕು.

ಬಾಸ್ಟನ್ ಕಡೆ ಇರೋ ಕನ್ನಡದ ಸಿವಿಲ್, ಆರ್ಕಿಟೆಕ್ಚರ್ ಹುಡುಗ ಹುಡುಗಿಯರು ಒಮ್ಮೆ ಹೋಗಿ ನೋಡಿ. ಹಗಲು ಹೊತ್ತಲ್ಲೇ ಹೋಗಿ, ಹಜಾರಕ್ಕೆ ಬೆಳಕು ಚೆನ್ನಾಗಿ ಬೀಳುತ್ತೆ.